ಫೈನಲ್ಲಿಗೆ ಬಾರದ ಡ್ರೈವರು

ಬಾಮೈದನಿಗೆ ಕೈ ಸುಮ್ಮನಿರುವ ಅಭ್ಯಾಸವಿಲ್ಲ. ಅಕ್ಕನ ಮನೆಗೆ ಬಂದರೆ ಸರಿಯಾಗಿದ್ದ ನಲ್ಲಿಯನ್ನು ಬಿಚ್ಚಿ ತೊಟ್ಟಿಕ್ಕುವಂತೆ ಮಾಡಿ, ಸದ್ದಿಲ್ಲದೆ ತಿರುಗುತ್ತಿದ್ದ ಫ್ಯಾನಿಗೆ ಎಣ್ಣೆ ಬಿಟ್ಟು ದನಿ ಬರಿಸಿ, "ಈಗ ನೋಡು ಅಕ್ಕ" ಎಂದು ಕೈ ಒರೆಸಿಕೊಂಡು ಹೊರಡುವ ಜಾತಿ. ಆ ಭಾನುವಾರ ಬೆಳಗ್ಗೆ ಅವನ ಕಣ್ಣು ಭಾವನ ಕಂಪ್ಯೂಟರಿನ ಮೇಲೆ ಬಿತ್ತು.

"ಏನ್ ಭಾವ ಇದು, ಆನ್ ಮಾಡಿ ಸ್ನಾನ ಮುಗಿಸಿ ಬಂದ್ರೂ ಇನ್ನೂ ಆಕಳಿಸ್ತಾ ಇದೆ! ಲಿನಕ್ಸ್ ಹಾಕ್ಬಿಡ್ತೀನಿ, ಕಂಪ್ಯೂಟರನ್ನ ನಡೆಸೋ ಬೇರೆ ಸಾಫ್ಟ್‌ವೇರು. ಪುಕ್ಕಟೆ. ಯಾರೊಬ್ಬರ ಅಪ್ಪನ ಸ್ವತ್ತೂ ಅಲ್ಲ, ನಾಲ್ಕು ಜನ ಸೇರಿ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿರೋದು."

ಭಾವ ಬೇಡ ಎನ್ನುವಷ್ಟರಲ್ಲಿ ಪೆನ್‌ಡ್ರೈವ್ ಒಳಗೆ ಹೋಗಿತ್ತು. ಕಾಫಿ ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ಹಳೆಯದೆಲ್ಲ ಅಳಿಸಿಹೋಗಿತ್ತು. "ರೈಲಿಗೆ ಹೊತ್ತಾಯ್ತು" ಎಂದು ಬಾಮೈದ ಚೀಲ ಹೆಗಲಿಗೇರಿಸಿದ. ಹೊಸ್ತಿಲು ದಾಟಿದವನು ತಿರುಗಿ ನಿಂತ. "ಭಾವ, ನೆಟ್ ಒಂದು ನೋಡೋಕೆ ಆಗ್ಲಿಲ್ಲ. ಬಂದೇ ಬರತ್ತೆ ಬಿಡಿ."

ಬರಲಿಲ್ಲ.

ಈ ಭಾವನನ್ನು ಆ ಕಟ್ಟಡದಲ್ಲೆಲ್ಲ ಪ್ರೂಫಣ್ಣ ಎನ್ನುತ್ತಾರೆ. ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವ ಕೆಲಸ. ಊರವರ ತಪ್ಪನ್ನೆಲ್ಲ ತಿದ್ದಿ ತಿದ್ದಿ ಕಣ್ಣಿಗೆ ದಪ್ಪ ಕನ್ನಡಕ ಬಂದಿದೆಯೇ ಹೊರತು ಅವನ ಹೆಸರು ಇದುವರೆಗೆ ಎಲ್ಲೂ ಅಚ್ಚಾಗಿಲ್ಲ. ಪುಸ್ತಕದಲ್ಲಿ ಬರೆದವರ ಹೆಸರಿರುತ್ತದೆ, ಪ್ರಕಟಿಸಿದವರ ಹೆಸರಿರುತ್ತದೆ, ಮುಖಪುಟಕ್ಕೆ ಬಣ್ಣ ಬಳಿದವರ ಹೆಸರೂ ಇರುತ್ತದೆ. ಪ್ರೂಫ್ ನೋಡಿದವನ ನೆನಪಾಗುವುದು ತಪ್ಪು ಸಿಕ್ಕಿದಾಗ ಮಾತ್ರ.

ಅಂಥವನ ಹೆಸರು ಅಚ್ಚಾಗುವ ಯೋಗವೊಂದು ಆ ದಿನ ಸಂಜೆ ನಾಲ್ಕಕ್ಕೆ ಕೂಡಿಬಂದಿತ್ತು. ಅಂತರಜಾಲದಲ್ಲಿ ನಡೆಯುವ ಚದುರಂಗ ಕೂಟವೊಂದರಲ್ಲಿ ಪ್ರೂಫಣ್ಣ ಫೈನಲ್ ತಲುಪಿದ್ದ. ಗೆದ್ದವರ ನಿಜವಾದ ಹೆಸರು ಫೋಟೋ ಸಮೇತ ಕೂಟದ ಪತ್ರಿಕೆಯ ಮೊದಲ ಪುಟದಲ್ಲಿ ಅಚ್ಚಾಗುತ್ತದೆ. ಅಲ್ಲಿಯತನಕ ಎಲ್ಲರೂ ಅಡ್ಡಹೆಸರಿನಲ್ಲೇ ಆಡಬೇಕೆಂಬುದು ನಿಯಮ. ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡದ ಪ್ರೂಫಣ್ಣ ಇಟ್ಟುಕೊಂಡ ಅಡ್ಡಹೆಸರು 'ಸಿಡಿಲಮರಿ'. ಫೈನಲ್ಲಿನ ಎದುರಾಳಿಯ ಹೆಸರು 'ಮೆತ್ತನೆ ಮೊಲ'. ಯಾರೋ ಸಂಕೋಚದ ಹೆಣ್ಣುಮಗಳಿರಬೇಕು, ಪಾಪ, ತೀರಾ ಅವಮಾನವಾಗದ ಹಾಗೆ ಸೋಲಿಸಬೇಕು ಎಂದು ಅವನು ಹಿಂದಿನ ವಾರದಿಂದಲೇ ಲೆಕ್ಕ ಹಾಕಿದ್ದ.

ಇದೆಲ್ಲ ಪರಮ ಗುಟ್ಟು. ಗುಟ್ಟಿಗೆ ಕಾರಣ ಎರಡು. ನೆಲಮಹಡಿಯಲ್ಲಿರುವ ನಿವೃತ್ತ ನರ್ಸಮ್ಮ, ಕಟ್ಟಡಕ್ಕೆಲ್ಲ ನರ್ಸಕ್ಕ, ಒಮ್ಮೆ ಇವನ ಬಿಪಿ ನೋಡಿ ಹೌಹಾರಿ, "ಈ ಮನುಷ್ಯ ಇನ್ಮೇಲೆ ಚೆಸ್ ಮುಟ್ಟಬಾರದು" ಎಂದು ಇವನ ಹೆಂಡತಿಗೆ ಕಟ್ಟಪ್ಪಣೆ ಮಾಡಿದ್ದಳು. ಎರಡನೆಯ ಕಾರಣ ಮೇಲ್ಮಹಡಿಯಲ್ಲಿದ್ದರು. ಅವರು ಕಟ್ಟಡದ ಸಂಘದ ಸೆಕ್ರೆಟರಿ. ಮೆಟ್ಟಿಲ ಕೆಳಗೆ ನಾಲ್ಕು ಜನ ಕೂತು ಚೆಸ್ ಆಡುತ್ತಿದ್ದಾಗ, "ಕೆಲಸವಿಲ್ಲದವರ ಆಟ! ದಾರಿಗೆ ಅಡ್ಡ!" ಎಂದು ಗುಡುಗಿ, ಬೋರ್ಡನ್ನು ಮಡಚಿಸಿ, ಗೋಡೆಗೆ ನಿಷೇಧದ ಫಲಕ ಹೊಡೆಸಿದ ಮಹಾನುಭಾವರು. ಆವತ್ತು ಎದ್ದು ಹೋದ ನಾಲ್ವರಲ್ಲಿ ಪ್ರೂಫಣ್ಣನೂ ಒಬ್ಬ. ಅಂದಿನಿಂದ ಅವನು "ಆಫೀಸಿನ ಪ್ರೂಫ್ ಇದೆ" ಎಂದು ಹೇಳಿ, ಕೋಣೆ ಬಾಗಿಲು ಮುಂದೆ ಮಾಡಿಕೊಂಡು ಕಂಪ್ಯೂಟರಿನಲ್ಲೇ ಆಡುತ್ತಿದ್ದ.

ಈಗ ಆ ಕಂಪ್ಯೂಟರು ಹೊಸ ಮದುಮಗನ ಹಾಗೆ ಲಕಲಕ ಹೊಳೆಯುತ್ತಿತ್ತು. ಚಕ್ಕನೆ ಏಳುತ್ತಿತ್ತು, ಚಕ್ಕನೆ ಮಲಗುತ್ತಿತ್ತು. ನೆಟ್ ಒಂದು ಬಿಟ್ಟು ಎಲ್ಲ ಇತ್ತು. ನೆಟ್ಟಿನ ತಂತಿ ಚುಚ್ಚಿಯೇ ಇತ್ತು, ಆದರೂ 'ನೆಟ್‌ವರ್ಕ್ ಕಾರ್ಡ್ ಕಂಡಿದೆ, ಆದರೆ ಅದನ್ನು ನಡೆಸುವ ಡ್ರೈವರ್ ಇಲ್ಲ' ಎಂದು ಪರದೆಯ ಮೇಲೆ ಬಂತು. ಪ್ರೂಫಣ್ಣ ಆ ವಾಕ್ಯವನ್ನು ಎರಡು ಸಲ ಓದಿದ. ಕೊನೆಗೆ ಪೂರ್ಣವಿರಾಮ ಇಲ್ಲದಿರುವುದು ಕಂಡಿತೇ ಹೊರತು ಅರ್ಥವಾಗಲಿಲ್ಲ. ಬಾಮೈದನಿಗೆ ತನ್ನ ಗುಂಡಿ ಒತ್ತುವ ಹಳೆಯ ಫೋನಿನಿಂದ ಕರೆ ಮಾಡಿದ. ಬಾಮೈದ ವ್ಯಾಪ್ತಿ ಪ್ರದೇಶದ ಹೊರಗಿದ್ದ. ಅಂಗಡಿಗಳಿಗೆ ಭಾನುವಾರದ ರಜೆ.

"ಏನ್ರೀ, ಮುಖ ಯಾಕೆ ಹಾಗೆ ಬಿಳಿಚ್ಕೊಂಡಿದೆ?" ಎಂದಳು ಹೆಂಡತಿ.

"ಆಫೀಸಿನ ಅರ್ಜೆಂಟ್ ಪ್ರೂಫು ಕಣೇ. ನಾಲ್ಕಕ್ಕೆ ಮೀಟಿಂಗ್ ಬೇರೆ. ನೆಟ್ಟೇ ಇಲ್ಲ."

ಹೆಂಡತಿ ಒಳ್ಳೆಯವಳು. ಗಂಡನ ಕಷ್ಟ ಕಂಡು ಸುಮ್ಮನಿರುವವಳಲ್ಲ. ನೇರ ಬಾಲ್ಕನಿಗೆ ಹೋಗಿ, ಕತ್ತು ಮೇಲೆತ್ತಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು. "ಸೆಕ್ರೆಟರಿಗಳೇ! ನಮ್ಮನೆಯವರ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ನೆಟ್ ಹೊರಟೋಗಿದೆ! ಒಂಚೂರು ಬರ್ತೀರಾ?"

ಪ್ರೂಫಣ್ಣ ಬೇಡ ಬೇಡವೆಂದು ಕೈಯಾಡಿಸುವ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿಸಿತು.

ಸೆಕ್ರೆಟರಿಗಳು ಒಳಗೆ ಬಂದವರೇ ಕುರ್ಚಿಯಲ್ಲಿ ಕೂತರು. "ಲಿನಕ್ಸಾ? ನನ್ನತ್ರಾನೂ ಅದೇ ಇರೋದು. ಇದರ ಹುಟ್ಟಡಗಿಸಿದೀನಿ ನಾನು. ಏಳಿ, ಏಳಿ." ಪ್ರೂಫಣ್ಣ ಕೂತೇ ಇರಲಿಲ್ಲ. ಆದರೂ ಒಂದು ಹೆಜ್ಜೆ ಹಿಂದೆ ಸರಿದ.

"ಡ್ರೈವರ್ ಇಲ್ಲ ಅಂತಿದೆ," ಎಂದ ಮೆಲ್ಲಗೆ.

"ಅಷ್ಟೇ ತಾನೆ? ಡ್ರೈವರ್ ಅಂದ್ರೆ ದುಭಾಷಿ ಇದ್ದ ಹಾಗೆ ಪ್ರೂಫಣ್ಣ. ಕಾರ್ಡು ಒಂದು ಭಾಷೆ ಮಾತಾಡತ್ತೆ, ಕಂಪ್ಯೂಟರು ಇನ್ನೊಂದು. ಮಧ್ಯೆ ಒಬ್ಬ ಬೇಕು."

"ಎಲ್ಲಿ ಸಿಗತ್ತೆ ಅದು?"

"ನೆಟ್ಟಲ್ಲಿ."

"ನೆಟ್ಟೇ ಇಲ್ವಲ್ಲ?"

"ಅದಕ್ಕೇ ಅಲ್ವೇನ್ರೀ ಡ್ರೈವರ್ ಬೇಕು ಅಂತಿರೋದು!" ಸೆಕ್ರೆಟರಿಗಳಿಗೆ ರೇಗಿತು.

ಮೇಲೆ ತಮ್ಮ ಮನೆಯ ನೆಟ್ಟಿನಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡು ಬರುವುದೆಂದಾಯಿತು. ಮೊದಲ ಸಲ ಮೇಲೆ ಹೋಗಿ ತಂದ ಡ್ರೈವರು ಈ ಕಾರ್ಡಿನದಲ್ಲ. ಕಾರ್ಡಿನ ಮೇಲೆ ಬರೆದ ಹೆಸರನ್ನೇ ಓದಬೇಕೆಂದು ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಒಳಗಿನ ಧೂಳಿಗೆ ಇಬ್ಬರೂ ಸೀನಿದರು. ಆ ಸೀನಿಗೆ ಸೆಕ್ರೆಟರಿಗಳ ಕೈಯಲ್ಲಿದ್ದ ಸ್ಕ್ರೂ ಹಾರಿ ಕಾರ್ಡಿನ ಸಂದಿಗೆ ಬಿದ್ದು ಮಾಯವಾಯಿತು. ಹೆಂಡತಿ ಮತ್ತೆ ಬಾಲ್ಕನಿಗೆ ಹೋದಳು. ಈ ಸಲ ಕತ್ತು ಕೆಳಗೆ ಬಗ್ಗಿಸಿದಳು.

ನರ್ಸಕ್ಕ ತನ್ನ ಹಳೆಯ ಇಕ್ಕಳ ಹಿಡಿದುಕೊಂಡು ಬಂದಳು. ಟಾರ್ಚ್ ಹಾಕಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ಒಂದೇ ಏಟಿಗೆ ಸ್ಕ್ರೂ ಕಿತ್ತು ತಟ್ಟೆಗೆ ಹಾಕಿ, "ಹೆದರ್ಕೋಬೇಡಿ, ಜೀವಕ್ಕೇನೂ ಅಪಾಯ ಇಲ್ಲ" ಎಂದಳು. ಆಮೇಲೆ ಪ್ರೂಫಣ್ಣನನ್ನು ನೋಡಿದಳು. "ಇವರ್ಯಾಕೆ ಹೀಗೆ ಬೆವರ್ತಿದಾರೆ?" ಕೆಳಗೆ ಹೋಗಿ ಬಿಪಿ ಯಂತ್ರವನ್ನೂ ತಂದಳು.

ಸರಿಯಾದ ಡ್ರೈವರು ಸಿಕ್ಕಿತು. ಆದರೆ ಅದು ಸಿದ್ಧವಾಗಿ ಬರುವ ಮಾಲಲ್ಲ. ಊಟಕ್ಕೆ ಕರೆದು ಎಲೆ ಮೇಲೆ ಅಕ್ಕಿ ಬೇಳೆ ಸುರಿದ ಹಾಗೆ, ಬೇಯಿಸಿಕೊಳ್ಳುವ ಕೆಲಸ ನಮಗೇ ಬಿಟ್ಟಿರುತ್ತದೆ. ಬೇಯಿಸುವ ಸಾಮಾನು ಈ ಕಂಪ್ಯೂಟರಿನಲ್ಲಿರಲಿಲ್ಲ. ಸೆಕ್ರೆಟರಿಗಳು ಮೇಲೆ ಹೋಗಿ ಅದನ್ನು ತಂದರು. ಆ ಸಾಮಾನಿಗೆ ಇನ್ನೊಂದು ಸಾಮಾನು ಬೇಕಿತ್ತು. ಅದನ್ನೂ ತಂದರು. ಅದು ಮತ್ತೆರಡನ್ನು ಕೇಳಿತು.

"ನೀವು ಟೈಪ್ ಮಾಡಿ, ನಾನು ಹೇಳ್ತೀನಿ," ಎಂದರು ಏದುಸಿರು ಬಿಡುತ್ತ. ಅವರು ಹೇಳಿದ ಆಜ್ಞೆಗಳನ್ನು ಪ್ರೂಫಣ್ಣ, ಎಡತೋಳಿಗೆ ನರ್ಸಕ್ಕನ ಬಿಪಿ ಪಟ್ಟಿ ಸುತ್ತಿಸಿಕೊಂಡೇ, ಬಲಗೈಯಲ್ಲಿ ಒತ್ತಿದ. ಒಂದೂ ನಡೆಯಲಿಲ್ಲ. ಸೆಕ್ರೆಟರಿಗಳು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು.

"ಇದೇನ್ರೀ, ಪ್ರತಿಯೊಂದರ ಕೊನೇಲೂ ಚುಕ್ಕಿ?"

"ವಾಕ್ಯ ಮುಗೀತಲ್ಲ?" ಎಂದ ಪ್ರೂಫಣ್ಣ. ಇಷ್ಟು ವರ್ಷದ ಅಭ್ಯಾಸ, ಬೆರಳಿಗೆ ತಡೆಯಲಾಗಿರಲಿಲ್ಲ.

ಚುಕ್ಕಿ ತೆಗೆದು ಒತ್ತಿದರು. ಆಗಲೂ ಮತ್ತೊಂದು ಸಾಮಾನು ಬೇಕೆಂದಿತು. ಸೆಕ್ರೆಟರಿಗಳ ಮೊಣಕಾಲು ಸೋತುಹೋಗಿತ್ತು. ಗಡಿಯಾರದ ಕಡೆಗೆ ಅವರೂ ಕಳ್ಳನೋಟ ಬೀರುತ್ತಿದ್ದರು. ಆದರೆ ಪ್ರೂಫಣ್ಣ ತನ್ನ ಕಳ್ಳನೋಟದ ಚಿಂತೆಯಲ್ಲಿ ಅದನ್ನು ಗಮನಿಸಲಿಲ್ಲ.

"ಸಾಕಪ್ಪ ಈ ಮೆಟ್ಲು ಹತ್ತಿದ್ದು. ನೆಟ್ಟನ್ನೇ ಕೆಳಗೆ ತಂದ್ಬಿಡ್ತೀನಿ," ಎಂದು ಕೊನೆಯ ಸಲ ಮೇಲೆ ಹೋಗಿ, ಬೆರಳುಗುರಿನಷ್ಟು ದೊಡ್ಡ ಕಪ್ಪು ತುಂಡೊಂದನ್ನು ತಂದರು. "ವೈಫೈ ಡಾಂಗಲ್ಲು. ನನ್ನ ಕಾರ್ಡೂ ಹಿಂಗೇ ಕೈಕೊಟ್ಟಾಗ ತಗೊಂಡಿದ್ದು. ಇದಕ್ಕೆ ಡ್ರೈವರ್ ಗೀವರ್ ಏನೂ ಬೇಡ, ಚುಚ್ಚಿದ್ರಾಯ್ತು. ನಮ್ಮನೆ ವೈಫೈ ಇಲ್ಲೀತನಕ ಬರತ್ತೆ. ಬೇಕಾದ್ದೆಲ್ಲ ಇಳಿಸ್ಕೊಳ್ಳೋಣ. ಮೂರೂಮುಕ್ಕಾಲಕ್ಕೆ ವಾಪಸ್ ಕೊಟ್ಬಿಡಿ, ನಂಗೂ ಕೆಲಸ ಇದೆ."

ಚುಚ್ಚಿದರು. ನೆಟ್ ಬಂತು. ಪ್ರೂಫಣ್ಣನಿಗೆ ಹೋದ ಜೀವ ಮರಳಿ ಬಂದ ಹಾಗಾಯಿತು. ಇನ್ನು ಈ ಮನುಷ್ಯನನ್ನು ಹೇಗಾದರೂ ಸಾಗಹಾಕಿದರೆ ಗೆದ್ದೆ ಎಂದುಕೊಂಡ.

"ಬಂತಲ್ಲ ಸೆಕ್ರೆಟರಿಗಳೇ, ಇಷ್ಟು ಸಾಕು. ನೀವು ಹೋಗಿ ಮಲಕ್ಕೊಳ್ಳಿ. ಡಾಂಗಲ್ಲು ಸಂಜೆ ನಾನೇ ತಂದುಕೊಡ್ತೀನಿ."

"ಛೆ ಛೆ! ಅರ್ಧಕ್ಕೆ ಬಿಟ್ಟು ಹೋಗೋ ಮನುಷ್ಯನೇನ್ರೀ ನಾನು? ಕಾರ್ಡು ಎದ್ದು ಕೂರ್ಬೇಕು, ನಾನು ನೋಡ್ಬೇಕು." ಅವರು ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡರು.

ಸಾಮಾನೆಲ್ಲ ಇಳಿಯಿತು. ಡ್ರೈವರು ಬೇಯತೊಡಗಿತು. ಪರದೆಯ ಮೇಲೆ ಇರುವೆ ಸಾಲಿನಂತೆ ಅಕ್ಷರಗಳು ಹರಿದವು. ಕೊನೆಗೆ 'ಆಗಲಿಲ್ಲ' ಎಂದು ಒಂದೇ ಮಾತು ಬಂತು. ಅಷ್ಟರಲ್ಲಿ ಮೂರೂಮುಕ್ಕಾಲು ದಾಟಿತ್ತು.

ಸೆಕ್ರೆಟರಿಗಳು ಡಾಂಗಲ್ಲಿಗೆ ಕೈ ಹಾಕಿದರು. ಪ್ರೂಫಣ್ಣನ ಕೈ ಮೊದಲೇ ಅದರ ಮೇಲಿತ್ತು.

"ಬಿಡಿ ಪ್ರೂಫಣ್ಣ. ನಂಗೆ ನಾಲ್ಕಕ್ಕೆ ಸಂಘದ ಮೀಟಿಂಗ್ ಇದೆ."

"ನಂಗೂ ನಾಲ್ಕಕ್ಕೇ ಮೀಟಿಂಗು. ಆಫೀಸಿಂದು."

"ಡಾಂಗಲ್ಲು ನಂದು!"

"ಕಂಪ್ಯೂಟರು ನಂದು!" ಎಂದ ಪ್ರೂಫಣ್ಣ. ಹುಟ್ಟಿದಾರಭ್ಯ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ತೋಳಿನ ಪಟ್ಟಿಯ ಕಡೆ ನೋಡಿ ನರ್ಸಕ್ಕ ಅಯ್ಯೋ ಎಂದಳು.

ಹೆಂಡತಿ ನಡುವೆ ಬಂದಳು. "ಇಬ್ಬರೂ ಒಂದೇ ಕಂಪ್ಯೂಟರಲ್ಲಿ ನೋಡ್ಕೊಳ್ಳಿ ಅಂದ್ರೆ! ಡಾಂಗಲ್ಲು ಅವರದು, ಮೊದಲು ಅವರು ಕೂರ್ಲಿ. ಸ್ವಲ್ಪ ತಡ ಆಗತ್ತೆ ಅಂತ ಅವರ ಮೀಟಿಂಗಿಗೆ ತಿಳಿಸ್ಲಿ. ಆಮೇಲೆ ನೀವು. ಸೆಕ್ರೆಟರಿಗಳೇ, ಮಾಡಿ ಬೇಗ."

ಸೆಕ್ರೆಟರಿಗಳು ಹಿಂದೆ ಮುಂದೆ ನೋಡಿದರು. "ಎಲ್ಲರೂ ಸ್ವಲ್ಪ ಆ ಕಡೆ ತಿರುಗ್ತೀರಾ? ಸಂಘದ ವಿಷಯ, ಗೋಪ್ಯ," ಎಂದರು. ಹೆಂಗಸರಿಬ್ಬರೂ ತಿರುಗಿದರು. ಪ್ರೂಫಣ್ಣನೂ ತಿರುಗಿದ. ಆದರೆ ತಿರುಗಿದ ಕಡೆ ಗೋಡೆಯ ಮೇಲೆ ಕನ್ನಡಿಯಿತ್ತು.

ಕನ್ನಡಿಯಲ್ಲಿ ಕಪ್ಪು ಬಿಳಿ ಮನೆಗಳ ಬೋರ್ಡೊಂದು ಅರಳಿತು. ಪ್ರೂಫಣ್ಣ ಗಿರಕ್ಕನೆ ತಿರುಗಿದ. ಪರದೆಯ ಮೇಲೆ ಬರೆದಿತ್ತು: 'ಸುಸ್ವಾಗತ, ಮೆತ್ತನೆ ಮೊಲ. ನಿಮ್ಮ ಎದುರಾಳಿ ಸಿಡಿಲಮರಿ ಇನ್ನೂ ಬಂದಿಲ್ಲ.'

"ನೀವಾ?" ಎಂದ.

"ಏನು ನಾನಾ? ಇದು... ಇದು ಸಂಘದ..."

"ಮೆತ್ತನೆ ಮೊಲ ನೀವಾ?"

ಕಟ್ಟಡವನ್ನೇ ಗದರಿಸುವ ಸೆಕ್ರೆಟರಿಗಳ ಮುಖ ಕೆಂಪೇರಿತು. "ಕೂಗ್ಬೇಡ್ರೀ," ಎಂದು ಪಿಸುಗುಟ್ಟಿದರು. "ಮೆಟ್ಟಿಲ ಕೆಳಗಿನ ಆಟ ನಿಲ್ಸಿದ್ದೇ ಅದಕ್ಕೆ. ಹೋಗ್ತಾ ಬರ್ತಾ ಕಣ್ಣಿಗೆ ಬೀಳ್ತಿತ್ತು, ನಿಂತು ನೋಡದೆ ಇರೋಕೆ ಆಗ್ತಿರ್ಲಿಲ್ಲ. ಸೆಕ್ರೆಟರಿ ಆದವನು ಹಾಗೆ ನಿಂತ್ರೆ ಏನು ಮರ್ಯಾದೆ? ಅದಿರ್ಲಿ, ನಿಮಗೆ ಹೇಗೆ ಗೊತ್ತು ಮೊಲ ಅಂದ್ರೆ..."

"ನಾನೇ ಸಿಡಿಲಮರಿ."

ಸೆಕ್ರೆಟರಿಗಳು ಇವನನ್ನು ಅಡಿಯಿಂದ ಮುಡಿಯತನಕ ನೋಡಿದರು. ದಪ್ಪ ಕನ್ನಡಕ, ತೋಳಿಗೆ ಬಿಪಿ ಪಟ್ಟಿ, ಮೂಗಿನ ಮೇಲೆ ಧೂಳು. "ನೀವು?" ಎಂದವರೇ ನಗತೊಡಗಿದರು. ಪ್ರೂಫಣ್ಣನಿಗೂ ನಗು ಉಕ್ಕಿ ಬಂತು. ಬೆಳಗಿನಿಂದ ಪಟ್ಟ ಪಾಡೆಲ್ಲ ಆ ನಗುವಿನಲ್ಲಿ ಕೊಚ್ಚಿಹೋಯಿತು. ನಗದಿದ್ದವರು ಇಬ್ಬರೇ.

"ಆಫೀಸಿನ ಪ್ರೂಫು!" ಎಂದಳು ಹೆಂಡತಿ, ಸೊಂಟಕ್ಕೆ ಕೈಯಿಟ್ಟು.

"ಚೆಸ್ಸು!" ಎಂದಳು ನರ್ಸಕ್ಕ, ಪಟ್ಟಿಗೆ ಗಾಳಿ ಒತ್ತುತ್ತ.

"ಇದೊಂದು ಆಟ ಕಣೇ," ಪ್ರೂಫಣ್ಣ ಅಂಗಲಾಚಿದ. "ಗೆದ್ರೆ ನನ್ನ ಹೆಸರು ಅಚ್ಚಾಗತ್ತೆ. ಫೋಟೋ ಸಮೇತ. ಒಂದೇ ಒಂದು ಸಲ."

ಹೆಂಡತಿ ಅವನ ಮುಖ ನೋಡಿದಳು. ಅವಳಿಗೆ ಏನನ್ನಿಸಿತೋ, "ಇನ್ನೇನು ನಾಲ್ಕಾಯ್ತಲ್ಲ, ಕೂತ್ಕೊಳ್ಳಿ ಮತ್ತೆ" ಎಂದು ಇನ್ನೊಂದು ಕುರ್ಚಿ ತಂದು ಹಾಕಿದಳು.

ಒಂದೇ ಪರದೆಯಲ್ಲಿ ಎರಡು ಕಿಟಕಿ ತೆರೆದರು. ಎಡಗಡೆ ಮೊಲ, ಬಲಗಡೆ ಸಿಡಿಲಮರಿ. ಮೌಸು ಒಂದೇ. ನಡೆ ಮುಗಿದ ಕೂಡಲೇ "ತಗೊಳ್ಳಿ" ಎಂದು ಒಬ್ಬರು ಇನ್ನೊಬ್ಬರ ಕೈಗೆ ದಾಟಿಸುವುದು. ಅಂಥ ಆಟವನ್ನು ಪ್ರೂಫಣ್ಣ ಎಂದೂ ಆಡಿರಲಿಲ್ಲ. ಸೆಕ್ರೆಟರಿಗಳ ಮೊಲ ಮೆತ್ತಗೇನೂ ಇರಲಿಲ್ಲ, ಕುದುರೆಯನ್ನು ಎಲ್ಲೆಂದರಲ್ಲಿ ನುಗ್ಗಿಸುತ್ತಿತ್ತು. ಸಿಡಿಲಮರಿ ತಾಳ್ಮೆಯಿಂದ ಒಂದೊಂದೇ ಕಾಲಾಳು ಮುಂದೆ ತಳ್ಳುತ್ತ ಬಲೆ ಹೆಣೆಯುತ್ತಿತ್ತು. ಪಕ್ಕದಲ್ಲೇ ಎದುರಾಳಿಯ ಉಸಿರು ಕೇಳುತ್ತ, ಅವನ "ಹ್ಞಾಂ!" "ಅಯ್ಯೋ!" ಕೇಳುತ್ತ ಆಡುವ ಸುಖವೇ ಬೇರೆ. ಇಬ್ಬರೂ ಅದನ್ನು ಮರೆತೇಬಿಟ್ಟಿದ್ದರು.

"ಆ ಆನೆ ಯಾಕೆ ಮೂಲೇಲಿ ಸುಮ್ನೆ ನಿಂತಿದೆ? ಅದಕ್ಕೂ ಕೆಲಸ ಕೊಡಿ," ಎಂದಳು ನರ್ಸಕ್ಕ, ತನಗೇ ಗೊತ್ತಿಲ್ಲದೆ ಕುರ್ಚಿಯ ಹಿಂದೆ ಬಂದು ನಿಂತು.

ಪ್ರೂಫಣ್ಣ ಆನೆಗೆ ಕೆಲಸ ಕೊಟ್ಟ. ಸೆಕ್ರೆಟರಿಗಳ ಮಂತ್ರಿ ಸಿಕ್ಕಿಬಿತ್ತು. ಇನ್ನು ಆಟ ಕೈಯಲ್ಲೇ ಇದೆ ಎನ್ನುವಾಗ ಎರಡೂ ಕಿಟಕಿ ಒಟ್ಟಿಗೇ ಕಪ್ಪಾದವು.

'ಈ ಎರಡೂ ಆಟಗಾರರು ಒಂದೇ ಕಂಪ್ಯೂಟರಿನಿಂದ ಆಡುತ್ತಿರುವುದು ಪತ್ತೆಯಾಗಿದೆ. ಒಬ್ಬನೇ ವ್ಯಕ್ತಿ ಎರಡು ಹೆಸರಿನಲ್ಲಿ ತನ್ನೊಡನೆ ತಾನೇ ಆಡುವುದು ಮೋಸ. ಆಟ ರದ್ದಾಗಿದೆ.'

"ಒಬ್ಬನೇ ವ್ಯಕ್ತಿನಾ?" ಸೆಕ್ರೆಟರಿಗಳು ಕೆರಳಿದರು. "ನಾನೂ ಇವರೂ ಒಬ್ಬರೇನಾ? ಬರೀರಿ ಪ್ರೂಫಣ್ಣ!"

ಪ್ರೂಫಣ್ಣ ಕೂಟದ ನಿರ್ವಾಹಕರಿಗೆ ಬರೆದ. ತಾವು ಇಬ್ಬರೆಂದೂ, ಬೇರೆ ಬೇರೆ ಮಹಡಿಯವರೆಂದೂ, ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಕೂರದೆ ಹೀಗಾಯಿತೆಂದೂ, ಒಂದೂ ತಪ್ಪಿಲ್ಲದ ಭಾಷೆಯಲ್ಲಿ ವಿನಂತಿಸಿಕೊಂಡ. ಉತ್ತರ ಬೇಗನೇ ಬಂತು. 'ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುತ್ತಾರೆ. ಆದರೂ ಒಂದು ಅವಕಾಶ. ಐದೂವರೆಗೆ ಇಬ್ಬರೂ ಬೇರೆ ಬೇರೆ ಕಂಪ್ಯೂಟರಿನಿಂದ, ಬೇರೆ ಬೇರೆ ಸಂಪರ್ಕದಿಂದ ಹಾಜರಿರಬೇಕು. ಇದ್ದರೆ ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಒಬ್ಬರೇ ಬಂದರೆ ಬಂದವರೇ ವಿಜೇತರು.'

ನಾಲ್ಕು ಜೋಡಿ ಕಣ್ಣು ಆ ಬೆರಳುಗುರಿನಷ್ಟು ತುಂಡಿನ ಮೇಲೆ ನೆಟ್ಟವು. ಅದು ಯಾರ ಹತ್ತಿರ ಇರುತ್ತದೋ ಅವರದೇ ಫೋಟೋ. ಸೆಕ್ರೆಟರಿಗಳು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬಾಗಿಲತನಕ ಹೋದರು. ಪ್ರೂಫಣ್ಣ ಮೌಸನ್ನು ಮೇಜಿನ ಅಂಚಿಗೆ ಸರಿಸಿಟ್ಟ. ವಸ್ತು ಅವರದು.

ಬಾಗಿಲಲ್ಲಿ ನಿಂತು ಅವರು ತಲೆ ಕೆರೆದುಕೊಂಡರು. ಮರಳಿ ಬಂದು ಡಾಂಗಲ್ಲನ್ನು ಮತ್ತೆ ಚುಚ್ಚಿದರು. "ಮಂತ್ರಿ ಕಳ್ಕೊಂಡು ಕೂತಿದೀನಿ. ಹೀಗೆ ಗೆದ್ರೆ ನಿದ್ದೆ ಬರತ್ತೇನ್ರೀ? ಬನ್ನಿ, ನಿಮ್ಮ ಡ್ರೈವರ್ರನ್ನ ಏಳಿಸೇ ಬಿಡೋಣ."

ಈ ಸಲ ಇಬ್ಬರೂ ಮೈಮರೆತು ದುಡಿದರು. ಸುಳ್ಳು ಹೇಳುವ ಕೆಲಸ ಇಲ್ಲದ್ದರಿಂದ ತಲೆ ಚುರುಕಾಗಿ ಓಡಿತು. ಇದೇ ಕಾರ್ಡಿನಿಂದ ಗೋಳಾಡಿದ ಯಾರೋ ಪುಣ್ಯಾತ್ಮ ಬರೆದಿಟ್ಟ ಸಲಹೆ ಸಿಕ್ಕಿತು. ಅವನು ಹೇಳಿದಂತೆ ಒಂದು ಸಾಲು ತಿದ್ದಿ ಡ್ರೈವರನ್ನು ಮತ್ತೆ ಬೇಯಲಿಟ್ಟರು. ಹೆಂಡತಿ ಟೀ ತಂದಳು. ಇರುವೆ ಸಾಲು ಹರಿಯಿತು, ಹರಿಯಿತು, ನಿಂತಿತು. ತಪ್ಪು ತೋರಿಸಲಿಲ್ಲ. ಪ್ರೂಫಣ್ಣ ಕೂಟದ ಪುಟ ಒತ್ತಿದ. ಪುಟ ಪಟ್ಟನೆ ತೆರೆದುಕೊಂಡಿತು.

"ಬಂತು!" ಎಂದು ಕಿರುಚಿದ.

"ಬಂತು!" ಎಂದರು ಸೆಕ್ರೆಟರಿಗಳು. ಇಬ್ಬರೂ ತಬ್ಬಿಕೊಂಡರು. ಬಿಪಿ ಯಂತ್ರದ ಕೊಳವೆ ಇಬ್ಬರ ಮಧ್ಯೆ ಸಿಕ್ಕಿ ಪುಸ್ಸೆಂದಿತು. ಐದೂವರೆಗೆ ಇನ್ನು ಕೆಲವೇ ನಿಮಿಷ. ಸೆಕ್ರೆಟರಿಗಳು ಡಾಂಗಲ್ಲು ಕಿತ್ತುಕೊಂಡು, ಮೊಣಕಾಲು ಮರೆತು, ಮೆಟ್ಟಿಲು ಹಾರುತ್ತ ಮೇಲೆ ಓಡಿದರು.

ಪ್ರೂಫಣ್ಣ ಕೂತು ಕನ್ನಡಕ ಸರಿ ಮಾಡಿಕೊಂಡು 'ಸಿಡಿಲಮರಿ' ಎಂದು ಒತ್ತಿದ. ಪುಟ ಅಲುಗಲಿಲ್ಲ. ಮತ್ತೆ ಒತ್ತಿದ. 'ಸಂಪರ್ಕವಿಲ್ಲ' ಎಂದಿತು ಪರದೆ.

ಆಗ ಅವನಿಗೆ ಅರ್ಥವಾಯಿತು. ಪುಟ ತೆರೆದಾಗ ಡಾಂಗಲ್ಲು ಚುಚ್ಚಿಯೇ ಇತ್ತು. ಕಾರ್ಡು ಬೆಳಗ್ಗೆ ಸತ್ತಂತೆ ಬಿದ್ದಿದ್ದದ್ದು ಈಗಲೂ ಹಾಗೇ ಬಿದ್ದಿತ್ತು. ಇಬ್ಬರೂ ಕುಣಿದದ್ದು ಡಾಂಗಲ್ಲಿನ ನೆಟ್ಟಿಗೆ.

ಬಾಲ್ಕನಿಗೆ ಓಡಿದ. "ಸೆಕ್ರೆಟರಿಗಳೇ! ಡಾಂಗಲ್ಲು!"

ಮೇಲಿನಿಂದ ಸಂಭ್ರಮದ ದನಿ ಬಂತು. "ನಾನು ಬಂದೆ ಪ್ರೂಫಣ್ಣ! ನೀವ್ಯಾಕೆ ಕಾಣ್ತಿಲ್ಲ? ಬೇಗ ಬನ್ನಿ!"

"ನೆಟ್ಟಿಲ್ಲ! ಅದು ಬಂದೇ ಇರ್ಲಿಲ್ಲ! ನಿಮ್ಮ ಡಾಂಗಲ್ಲಿಂದ ಬಂದಿದ್ದು!"

"ಏನು? ಇಲ್ಲಿ ನೆಟ್ ಇದೆ!"

"ಅಲ್ಲಿ ಇದೆ! ಇಲ್ಲಿ ಇಲ್ಲ!"

ಬೀದಿಯವರೆಲ್ಲ ಕತ್ತೆತ್ತಿ ನೋಡುತ್ತಿದ್ದಂತೆ ಮೇಲಿನ ದನಿ ಥಟ್ಟನೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲಲ್ಲಿ ಚಪ್ಪಲಿ ಸದ್ದು ನಿಧಾನಕ್ಕೆ ಇಳಿದು ಬಂತು. ಸೆಕ್ರೆಟರಿಗಳು ಬಸ್ಸು ತಪ್ಪಿಸಿಕೊಂಡವರ ಹಾಗೆ ಬಾಗಿಲಲ್ಲಿ ನಿಂತರು.

"ಗೆದ್ದೆ," ಎಂದರು. "ಎದುರಾಳಿ ಗೈರುಹಾಜರಿ ಅಂತ ಬಂತು. ಫೋಟೋ ಕಳಿಸಿ ಅಂತಿದಾರೆ."

"ಕಳಿಸಿ," ಎಂದ ಪ್ರೂಫಣ್ಣ. ಹೆಸರು ಅಚ್ಚಾಗುವುದು ಹೋಗಲಿ, ಗೆಲ್ಲುತ್ತಿದ್ದ ಆಟ ಅರ್ಧಕ್ಕೆ ನಿಂತದ್ದೇ ಅವನಿಗೆ ಹೆಚ್ಚು ಉರಿಯಾಗಿತ್ತು. "ಅಭಿನಂದನೆ ಸೆಕ್ರೆಟರಿಗಳೇ. ನಾನು ಸೋತಿದ್ದು ನಿಮಗಲ್ಲ, ಡ್ರೈವರಿಗೆ."

ಸೆಕ್ರೆಟರಿಗಳು ಬೆನ್ನ ಹಿಂದೆ ಅಡಗಿಸಿದ್ದ ಕೈಯನ್ನು ಮುಂದೆ ತಂದರು. ಕೈಯಲ್ಲಿ ಮರದ ಚೆಸ್ ಬೋರ್ಡಿತ್ತು. "ಎಲ್ಲಿಗೆ ನಿಂತಿತ್ತು ಆಟ, ನೆನಪಿದೆಯಾ?"

ನೆನಪಿಲ್ಲದೆ ಏನು? ಇಬ್ಬರೂ ಊಟದ ಮೇಜಿನ ಮೇಲೆ ಕಾಯಿಗಳನ್ನು ನಿಂತಲ್ಲೇ ನಿಲ್ಲಿಸಿದರು. ಒಂಟೆ ಯಾವ ಮನೆಯಲ್ಲಿತ್ತು ಎಂಬುದಕ್ಕೆ ಸಣ್ಣ ಜಗಳವೂ ಆಯಿತು. ಮೌಸಿಲ್ಲ, ಕಿಟಕಿಯಿಲ್ಲ, ಸಂಪರ್ಕದ ಗೊಡವೆಯೇ ಇಲ್ಲ. ಕಾಯಿ ಎತ್ತಿ ಟಕ್ಕೆಂದು ಇಡುವ ಸದ್ದಿಗೆ ಪ್ರೂಫಣ್ಣನ ಮನಸ್ಸು ಹಗುರಾಗುತ್ತ ಬಂತು. ಇಂಥ ಸಂಜೆ ಅವನಿಗೆ ಎಷ್ಟೋ ದಿನದಿಂದ ಸಿಕ್ಕಿರಲಿಲ್ಲ. ಬಲೆ ಬಿಗಿಯಾಯಿತು. ಮೊಲದ ರಾಜ ಮೂಲೆ ಸೇರಿದ. ಪ್ರೂಫಣ್ಣ ಆನೆಯನ್ನು ಎತ್ತಿ ಇಟ್ಟು ಎದ್ದು ನಿಂತ.

"ಚೆಕ್‌ಮೇಟ್!" ಎಂದ. "ಚಾಂಪಿಯನ್ನರನ್ನೇ ಸೋಲಿಸಿದೆ! ಏ, ನೋಡಿದ್ಯೇನೇ?"

"ನಾನು ಟೀ ಸೋಸ್ತಿದ್ದೆ ಕಣ್ರೀ," ಎಂದಳು ಹೆಂಡತಿ ಅಡುಗೆಮನೆಯಿಂದ.

"ನರ್ಸಕ್ಕ, ನೀವು ನೋಡಿದ್ರಿ ಅಲ್ವಾ?"

"ಕೊಳವೆ ತೂತಾಗಿದೆ, ಅದಕ್ಕೆ ಅಂಟು ಹಚ್ತಿದ್ದೆ. ಏನಾಯ್ತು?"

ಪ್ರೂಫಣ್ಣ ಕೊನೆಯ ಆಸೆಯಿಂದ ಸೆಕ್ರೆಟರಿಗಳ ಕಡೆ ತಿರುಗಿದ. "ನೀವಂತೂ ನೋಡಿದ್ರಲ್ಲ?"

ಸೆಕ್ರೆಟರಿಗಳು ಆಗಲೇ ಕಾಯಿಗಳನ್ನೆಲ್ಲ ಬಳಿದು ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಪರಮಶಾಂತಿ ನೆಲೆಸಿತ್ತು.

"ಎಲ್ಲಿ ಪ್ರೂಫಣ್ಣ," ಎಂದರು, "ಫೋಟೋಕ್ಕೆ ಯಾವ ಅಂಗಿ ಹಾಕ್ಕೊಳ್ಳೋದು ಅಂತ ಯೋಚಿಸ್ತಿದ್ದೆ ನಾನು."